ಬಾಗಿಲ ಮುಂದೆ ನಿಂತವರ ಕತೆ ಬರೆದ ಬಾನು

ಬದನವಾಳು: ದೇವರ ಮನೆ ಬಾಗಿಲು ಯಾರಿಗುಂಟು, ಯಾರಿಗಿಲ್ಲ ಎಂಬ ಜಗಳ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. 1993ರಲ್ಲಿ ದೇವಸ್ಥಾನ ಪ್ರವೇಶದ ತಕರಾರಿನ ಬೆನ್ನಿಗೇ ಇಲ್ಲಿ ಮೂವರು ದಲಿತರ ಕೊಲೆಯಾಯಿತು. ಹಾಗಾಗಿ 2025ರಲ್ಲಿ ‘ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್ ಬೇಡ’ ಎಂಬ ಗಲಾಟೆ ಮೈಸೂರಲ್ಲಿ ಎದ್ದಾಗ, ಅದು ಬದನವಾಳಿಗೆ ದೂರದ ಸುದ್ದಿಯೇನಲ್ಲ.

ಬಾನು ಲಾಯರು, ಬೂಕರ್ ಗೆದ್ದ ಕತೆಗಾರ್ತಿ ಅಂತ ಎಲ್ಲರೂ ಬಲ್ಲರು. ಅವರು ಪತ್ರಿಕೆಗೆ ವರದಿ ಬರೆದವರೂ ಹೌದು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಮಾತು ಉರ್ದು. ಎಂಟನೇ ವಯಸ್ಸಿಗೆ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಬರಬೇಕು ಎಂಬ ಷರತ್ತು ಬೇರೆ! ಹುಡುಗಿ ಅದಕ್ಕೂ ಮೊದಲೇ ಕಲಿತುಬಿಟ್ಟಳು.

1980ರಲ್ಲಿ ಪಿ. ಲಂಕೇಶ್ ಪತ್ರಿಕೆ ಶುರು ಮಾಡಿದರು. ಜಾಹೀರಾತಿನ ಹಂಗಿಲ್ಲ, ಓದುಗ ಕೊಟ್ಟ ಚಿಲ್ಲರೆ ಕಾಸೇ ಬಂಡವಾಳ. ಆ ದಶಕದಲ್ಲಿ ಬಾನು ಅದರ ವರದಿಗಾರ್ತಿ. ಆಮೇಲೆ ಕರಿ ಕೋಟು ಹಾಕಿದರು. ಎರಡೂ ಕಸುಬಿನಲ್ಲಿ ಮೊದಲ ಕೆಲಸ ಒಂದೇ: ಎದುರಿಗೆ ಕೂತವರ ಗೋಳು ಕೇಳುವುದು. ವರದಿಯಲ್ಲಿ ಹಿಡಿಸದ್ದು, ಫೈಲಿಗೆ ಬೇಡವಾದದ್ದು ಕತೆಯಾಯಿತು.

‘ಕರಿ ನಾಗರಗಳು’ ಕತೆಯನ್ನೇ ನೋಡಿ. ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಮಸೀದಿಗೇ ಬಂದು ನ್ಯಾಯ ಕೇಳುತ್ತಾಳೆ. ಗಿರೀಶ್ ಕಾಸರವಳ್ಳಿ ಅದನ್ನು ‘ಹಸೀನಾ’ ಸಿನಿಮಾ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಕತೆಯಲ್ಲಿ ಬರೆದದ್ದು ಬಾಳಿಗೂ ಬಂತು. ಹೆಂಗಸರಿಗೂ ಮಸೀದಿಯಲ್ಲಿ ಪ್ರಾರ್ಥನೆಯ ಹಕ್ಕುಂಟು ಎಂದದ್ದಕ್ಕೆ 2000ದಲ್ಲಿ ಸ್ವಂತ ಸಮುದಾಯದವರೇ ಬಹಿಷ್ಕಾರ ಹಾಕಿದರು. ಬೆದರಿಕೆ ಬಂತು. ಬಾನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

2025ರ ಮೇನಲ್ಲಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್. ಕನ್ನಡಕ್ಕೆ ಅದೇ ಮೊದಲು. ಸಣ್ಣ ಕತೆಗಳ ಪುಸ್ತಕಕ್ಕೂ ಅದೇ ಮೊದಲು.

ಹಿಂದೆ ಮಸೀದಿ ಬಾಗಿಲ ಜಗಳ, ಈಗ ಬೆಟ್ಟದ ಬಾಗಿಲ ಜಗಳ. ಈ ಸಲ ತಡೆಯಲು ಹೊರಟವರು ಬೇರೆಯವರು, ಅಷ್ಟೇ. ಹೈಕೋರ್ಟು ಅರ್ಜಿ ತಳ್ಳಿತು. ಸುಪ್ರೀಂ ಕೋರ್ಟೂ ತಳ್ಳಿತು. ಸೆಪ್ಟೆಂಬರ್ 22ರಂದು ಬಾನು ಚಾಮುಂಡಿ ಬೆಟ್ಟ ಹತ್ತಿ, ದೇವಿಗೆ ಹೂ ಎರಚಿ ದಸರಾಕ್ಕೆ ಚಾಲನೆ ಕೊಟ್ಟರು.

ಅಲ್ಲಿ ಬಾಗಿಲು ತೆರೆಯಿತು, ಹೂ ಬಿತ್ತು. ಮೂರು ಹೆಣ ಬಿದ್ದ ಊರಿನವರಿಗೆ ಆ ಹೂವಿನ ಬೆಲೆ ಚೆನ್ನಾಗಿ ಗೊತ್ತು.