ಚಿತ್ರ ಅಂಟಿಸಿದರೆ ಮುಗಿಯಿತೇ?

ಆನ್‌ಲೈನ್ ತರಗತಿಗೆ ಉತ್ತರ ಬರೆಯುವಾಗ ಒಂದು ವಾಕ್ಯವನ್ನು ಎರಡೆರಡು ಸಲ ತಿದ್ದುವ ವಿದ್ಯಾರ್ಥಿಗಳೂ ಚಿತ್ರದ ವಿಷಯಕ್ಕೆ ಬಂದರೆ ಸಿಕ್ಕಿದ್ದನ್ನು ತಂದು ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಚಿತ್ರವೂ ಉತ್ತರದ ಭಾಗ. ಅದಕ್ಕೂ ತಿದ್ದುಪಡಿ ಬೇಕು ಎಂಬುದು ಮರೆತುಹೋಗಿರುತ್ತದೆ. ಈ ಉದಾಸೀನದ ಹಿಂದೆ ಕೆಲವು ಗಟ್ಟಿ ನಂಬಿಕೆಗಳಿವೆ.

ತಪ್ಪು ಕಲ್ಪನೆ: ಚಿತ್ರ ಹೆಚ್ಚಿದಷ್ಟೂ ಉತ್ತರ ಚೆನ್ನಾಗಿ ಅರ್ಥವಾಗುತ್ತದೆ.

ವಾಸ್ತವ: ಚಿತ್ರ ಮತ್ತು ಮಾತು ಒಟ್ಟಿಗೆ ಬಂದರೆ ಕಲಿಕೆ ಸುಲಭವಾಗುತ್ತದೆ ಎಂದು ತೋರಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಮುಖರು. ವಿಷಯಕ್ಕೆ ಸಂಬಂಧಿಸದ ಆಕರ್ಷಕ ಚಿತ್ರ ಕಲಿಕೆಗೆ ಅಡ್ಡಿ ಎಂದೂ ಅವರೇ ಹೇಳಿದ್ದಾರೆ. ಜೀವಕೋಶದ ಬಗ್ಗೆ ಬರೆದ ಉತ್ತರಕ್ಕೆ ಬುಟ್ಟಿ ತುಂಬಿದ ಈರುಳ್ಳಿಯ ಫೋಟೋ ಬರೀ ಅಲಂಕಾರ. ಸೂಕ್ಷ್ಮದರ್ಶಕದಲ್ಲಿ ಕಂಡ ಈರುಳ್ಳಿ ಪೊರೆಯ ಫೋಟೋ ಹಾಕಿ, ಕೋಶಭಿತ್ತಿ ಯಾವುದು, ಕೋಶಕೇಂದ್ರ ಯಾವುದು ಎಂದು ಬಾಣ ಎಳೆದು ಹೆಸರನ್ನು ಅಲ್ಲೇ ಪಕ್ಕದಲ್ಲಿ ಬರೆದರೆ ಅದು ಉತ್ತರ. ಚಿತ್ರ ತೆಗೆದುಹಾಕಿದರೂ ಏನೂ ಕೊರತೆ ಕಾಣದಿದ್ದರೆ ಅದು ಅಲ್ಲಿ ಬೇಕಿರಲಿಲ್ಲ ಎಂದೇ ಅರ್ಥ.

ತಪ್ಪು ಕಲ್ಪನೆ: ಗೂಗಲ್‌ನಲ್ಲಿ ಸಿಕ್ಕಿದ್ದು ಎಲ್ಲರಿಗೂ ಸೇರಿದ್ದು, ‘ಕೃಪೆ: ಗೂಗಲ್’ ಎಂದು ಬರೆದರೆ ಸಾಕು.

ವಾಸ್ತವ: ಗೂಗಲ್ ಹುಡುಕಿಕೊಡುತ್ತದೆ ಅಷ್ಟೇ, ಫೋಟೋ ಅದರದ್ದಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ರೂಪುಗೊಂಡ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ; ನೋಂದಣಿಯೂ ಬೇಡ, ಮೂಲೆಯಲ್ಲಿ ಹಕ್ಕಿನ ಚಿಹ್ನೆಯೂ ಬೇಡ. ಮುಕ್ತವಾಗಿ ಬಳಸಬಹುದಾದ ಚಿತ್ರ ಬೇಕೆಂದರೆ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹುಡುಕಬಹುದು. ಗೂಗಲ್‌ನ ಚಿತ್ರಹುಡುಕಾಟದಲ್ಲೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳನ್ನಷ್ಟೇ ಸೋಸಿ ತೋರಿಸುವ ಆಯ್ಕೆಯಿದೆ. ಇಂಥ ಚಿತ್ರ ಬಳಸುವಾಗ ತೆಗೆದವರ ಹೆಸರು, ಎಲ್ಲಿಂದ ತಂದದ್ದು, ಯಾವ ಪರವಾನಗಿ ಎಂಬ ಮೂರನ್ನೂ ಕೆಳಗೆ ಬರೆಯಬೇಕು. ಮೂಲ ಚಿತ್ರವನ್ನು ನೋಡಬಯಸುವ ಮೇಷ್ಟ್ರಿಗೆ ದಾರಿ ತೋರಿಸುವುದೂ ಆ ಸಾಲೇ.

ತಪ್ಪು ಕಲ್ಪನೆ: ಹಾಗಾದರೆ ಅನುಮತಿ ಇಲ್ಲದೆ ಯಾವ ಚಿತ್ರವನ್ನೂ ಮುಟ್ಟುವಂತಿಲ್ಲ.

ವಾಸ್ತವ: ಇದು ಇನ್ನೊಂದು ತುದಿಯ ಭಯ. ಅದೇ ಕಾಯ್ದೆಯ 52ನೇ ಸೆಕ್ಷನ್, ಬೋಧನೆಯ ಭಾಗವಾಗಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡಿಕೊಳ್ಳುವುದಕ್ಕೆ ವಿನಾಯಿತಿ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ಉದಾರವಾಗಿಯೇ ಅರ್ಥೈಸಿತು. ಆದರೆ ತರಗತಿಗೆಂದು ಬರೆದ ಉತ್ತರವನ್ನೇ ನಾಳೆ ಯೂಟ್ಯೂಬಿಗೆ ಹಾಕಿದರೆ, ಪುಸ್ತಕ ಮಾಡಿ ಮಾರಿದರೆ ತರಗತಿಯ ರಕ್ಷಣೆ ಜೊತೆಗೆ ಬರುತ್ತದೆ ಎಂದು ನಂಬಿ ಕೂರಬಾರದು. ವಿನಾಯಿತಿ ಇದೆ ಎಂದ ಮಾತ್ರಕ್ಕೆ ಇನ್ನೊಬ್ಬರ ಚಿತ್ರವನ್ನು ತನ್ನದೆಂದು ತೋರಿಸಿಕೊಳ್ಳುವುದೂ ಸರಿಯಾಗುವುದಿಲ್ಲ.

ತಪ್ಪು ಕಲ್ಪನೆ: ಕನ್ನಡದಲ್ಲಿ ಬರೆದದ್ದನ್ನು ಫೋಟೋ ಹೊಡೆದು ಹಾಕುವುದೇ ಕ್ಷೇಮ, ಅಕ್ಷರ ಕೆಡುವುದಿಲ್ಲ.

ವಾಸ್ತವ: ಈ ಅಭ್ಯಾಸಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತಲೆಬುಡವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತಿತ್ತು. ಈಗ ಮೊಬೈಲಿನಲ್ಲಿ ನಾವು ಒತ್ತುವ ಕನ್ನಡವೆಲ್ಲ ಯೂನಿಕೋಡ್. ಎಲ್ಲಿ ತೆರೆದರೂ ಕನ್ನಡವೇ. ಅದನ್ನು ಸ್ಕ್ರೀನ್‌ಶಾಟ್ ಮಾಡಿದರೆ ಅದು ಬರಹವಾಗಿ ಉಳಿಯುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ, ಒಂದು ಸಾಲನ್ನು ಎತ್ತಿ ಪ್ರತಿಕ್ರಿಯಿಸಲು ಆಗುವುದಿಲ್ಲ, ಅಕ್ಷರ ದೊಡ್ಡದು ಮಾಡಹೋದರೆ ಮಸುಕಾಗುತ್ತದೆ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳು ಬಂದಿವೆ ನಿಜ, ಆದರೆ ಕೈಬರಹದ ಒತ್ತಕ್ಷರ ಎದುರಾದರೆ ಅವು ಎಡವುತ್ತವೆ. ಲೆಕ್ಕದ ಹಂತ, ಕೈಯಲ್ಲಿ ಬಿಡಿಸಿದ ಆಕೃತಿ ಇದ್ದರೆ ಮಾತ್ರ ಫೋಟೋ ಇರಲಿ. ಆಗಲೂ ಪುಸ್ತಕವನ್ನು ಕಿಟಕಿ ಪಕ್ಕ ಇಟ್ಟು, ಕೈಯ ನೆರಳು ಹಾಳೆಯ ಮೇಲೆ ಬೀಳದಂತೆ ನೇರ ಮೇಲಿನಿಂದ ತೆಗೆಯಬೇಕು.

ತಪ್ಪು ಕಲ್ಪನೆ: ಮೂಲೆ ಹಿಡಿದು ಎಳೆದು ಚಿಕ್ಕದು ಮಾಡಿದರೆ ಫೋಟೋದ ಸೈಜ್ ಇಳಿಯುತ್ತದೆ.

ವಾಸ್ತವ: ಇಳಿಯುವುದು ಕಣ್ಣಿಗೆ ಕಾಣುವ ಅಳತೆ ಮಾತ್ರ, ಕಡತದ ತೂಕ ಸಾಮಾನ್ಯವಾಗಿ ಹಾಗೇ ಇರುತ್ತದೆ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋ ಸಾಮಾನ್ಯವಾಗಿ 3ರಿಂದ 5 ಎಂಬಿ ತೂಗುತ್ತದೆ. 60 ಮಂದಿಯ ತರಗತಿಯಲ್ಲಿ ತಲೆಗೊಂದು 4 ಎಂಬಿ ಫೋಟೋ ಎಂದರೂ 240 ಎಂಬಿ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಮಲೆನಾಡಿನ ವಿದ್ಯಾರ್ಥಿಗೆ ಇದು ಹಗುರವಾದ ಲೆಕ್ಕವಲ್ಲ. ಫೋಟೋ ಎಡಿಟರಿನಲ್ಲಿ ‘ರೀಸೈಜ್’ ಆಯ್ಕೆಯಿಂದ ಅಗಲವನ್ನು 1600 ಪಿಕ್ಸೆಲ್ಲಿಗೆ ಇಳಿಸಿ ಜೆಪೆಗ್ ಆಗಿ ಉಳಿಸಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ, ಪರದೆಯ ಮೇಲೆ ಸ್ಪಷ್ಟವಾಗಿಯೇ ಕಾಣುತ್ತದೆ. ನಕ್ಷೆ, ಗ್ರಾಫ್, ಸ್ಕ್ರೀನ್‌ಶಾಟುಗಳಿಗೆ ಮಾತ್ರ ಪಿಎನ್‌ಜಿ ಒಳ್ಳೆಯದು. ಜೆಪೆಗ್ ಮಾಡಿದರೆ ಗೆರೆ ಮತ್ತು ಅಕ್ಷರಗಳ ಅಂಚಿನಲ್ಲಿ ಕಲೆ ಕಾಣಿಸಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಕೆಳಗೆ ಶೀರ್ಷಿಕೆ ಇದೆಯಲ್ಲ, ಚಿತ್ರಕ್ಕೆ ಬೇರೆ ವಿವರಣೆ ಯಾಕೆ?

ವಾಸ್ತವ: ಚಿತ್ರ ಸೇರಿಸುವಾಗ ಕೇಳುವ ‘ಆಲ್ಟ್ ಟೆಕ್ಸ್ಟ್’ ಖಾನೆಯನ್ನು ಬಹಳ ಮಂದಿ ಖಾಲಿ ಬಿಡುತ್ತಾರೆ. ಕಣ್ಣು ಕಾಣದ ಸಹಪಾಠಿ ಎನ್‌ವಿಡಿಎ ಅಥವಾ ಟಾಕ್‌ಬ್ಯಾಕ್ ತಂತ್ರಾಂಶದ ಧ್ವನಿ ಕೇಳಿ ಓದುತ್ತಾರೆ. ಚಿತ್ರ ಬಂದಾಗ ಆ ಧ್ವನಿ ಓದುವುದು ಈ ಖಾನೆಯನ್ನು. ಅದು ಖಾಲಿಯಿದ್ದರೆ ಬರೀ ‘ಇಮೇಜ್’ ಎಂದೋ, ಕಡತದ ಹೆಸರಿನಲ್ಲಿರುವ ಅಂಕಿಗಳ ಸರಮಾಲೆಯನ್ನೋ ಕೇಳಬೇಕಾಗಬಹುದು. ಶೀರ್ಷಿಕೆಯ ಕೆಲಸ ಬೇರೆ, ಇದರ ಕೆಲಸ ಬೇರೆ. ‘ಅಯೋಡಿನ್ ಹಾಕಿದ ಈರುಳ್ಳಿ ಪೊರೆ, 100 ಪಟ್ಟು ಹಿಗ್ಗಿಸಿದ್ದು’ ಎಂಬುದು ಶೀರ್ಷಿಕೆ. ‘ಎಡೆಯಿಲ್ಲದೆ ಸಾಲಾಗಿ ಕೂತ ಉದ್ದನೆಯ ಕೋಶಗಳು, ಒಂದೊಂದರಲ್ಲೂ ಗಾಢ ಬಣ್ಣದ ಕೋಶಕೇಂದ್ರ’ ಎಂಬುದು ಆಲ್ಟ್ ಟೆಕ್ಸ್ಟ್. ಹೀಗೆ ಬರೆಯಲು ಕೂತಾಗಲೇ ಚಿತ್ರದಲ್ಲಿ ನಾವು ಏನನ್ನು ನೋಡಬೇಕಿತ್ತು ಎಂಬುದೂ ಹೊಳೆಯುತ್ತದೆ.

ತಪ್ಪು ಕಲ್ಪನೆ: ಫೋಟೋದಲ್ಲಿ ಇರುವುದು ಕಣ್ಣಿಗೆ ಕಂಡಷ್ಟೇ.

ವಾಸ್ತವ: ಮೊಬೈಲ್ ಫೋಟೋ ತೆಗೆದ ದಿನ, ಹೊತ್ತು, ಫೋನಿನ ಮಾದರಿಯನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಮನೆಯ ಅಕ್ಷಾಂಶ ರೇಖಾಂಶವೂ ಸೇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಈ ವಿವರ ಕಳಚುತ್ತದೆ, ಜೊತೆಗೆ ಚಿತ್ರದ ಗುಣಮಟ್ಟವೂ ಇಳಿಯುತ್ತದೆ. ಗುಣಮಟ್ಟ ಉಳಿಸಲೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಈ ವಿವರವೂ ಜೊತೆಗೇ ತಲುಪುತ್ತದೆ. ವರ್ಡ್‌ನಲ್ಲಿ ಕ್ರಾಪ್ ಮಾಡಿದ ಭಾಗವೂ ಅಳಿದಿರುವುದಿಲ್ಲ, ಮರೆಯಾಗಿರುತ್ತದೆ. ಕಡತ ಪಡೆದವರು ಅದನ್ನು ಮರಳಿ ತೆರೆಯಬಲ್ಲರು. ಸ್ಕ್ರೀನ್‌ಶಾಟಿನ ಅಂಚಿನಲ್ಲಿದ್ದ ಅಪ್ಪನ ಬ್ಯಾಂಕಿನ ಮೆಸೇಜನ್ನು ಕತ್ತರಿಸಬೇಕೆಂದರೆ ಆ ಕೆಲಸ ಫೋನಿನ ಗ್ಯಾಲರಿಯಲ್ಲೇ ಆಗಲಿ. ಕತ್ತರಿಸಿದ್ದನ್ನು ಹೊಸ ಪ್ರತಿಯಾಗಿ ಉಳಿಸಿ, ಆ ಪ್ರತಿಯನ್ನೇ ಕಳಿಸುವುದು ಸರಿ.