ಜಕಾರ್ತದ ಕಲ್ಲುಗಳು

1961ರ ಫೆಬ್ರವರಿಯಲ್ಲಿ ಅಮೆರಿಕದ ‘ಟ್ರಾಪಿಕಲ್ ಫಿಶ್ ಹಾಬಿಯಿಸ್ಟ್’ ಪತ್ರಿಕೆಯಲ್ಲಿ ಇಂಡೊನೇಷ್ಯಾದಿಂದ ಬಂದ ಲೇಖನವೊಂದು ಅಚ್ಚಾಯಿತು. ಬರೆದವರು ಜಕಾರ್ತದ ಲೀ ಚಿನ್ ಎಂಗ್. ಕಡಲ ಮೀನು ಸಾಕಲು ಪ್ರಕೃತಿಯ ಕ್ರಮವೇ ಸಾಕು ಎಂಬುದು ಅವರ ವಾದ. ಗಾಜಿನ ತೊಟ್ಟಿಗೆ ಸಮುದ್ರದ ನೀರು ತುಂಬಿ. ಹವಳದ ದಿಬ್ಬದ ಕಲ್ಲುಗಳನ್ನು, ಅವಕ್ಕೆ ಅಂಟಿಕೊಂಡ ಪಾಚಿ, ಹುಳು, ಸ್ಪಂಜುಗಳ ಸಮೇತ ತಂದು ಜೋಡಿಸಿ. ಬಿಸಿಲು ತಾಗುವಂತೆ ನೋಡಿಕೊಳ್ಳಿ. ಸಣ್ಣ ಕೊಳವೆಯಿಂದ ಒಂದಷ್ಟು ಗಾಳಿಗುಳ್ಳೆ ಏಳುತ್ತಿರಲಿ. ಫಿಲ್ಟರ್ ಬೇಕಿಲ್ಲ. ಇಷ್ಟರಲ್ಲೇ ಮೀನಿನ ಜೊತೆ ಜೀವಂತ ಹವಳವೂ ಬಾಳುತ್ತದೆ ಎಂದು ಎಂಗ್ ಬರೆದಿದ್ದರು.

ಆಗ ಅಮೆರಿಕ, ಯುರೋಪಿನ ಮನೆಗಳಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟವರಿಗೆ ಹವಳವೆಂದರೆ ಅಲಂಕಾರದ ವಸ್ತು. ಬ್ಲೀಚಿನಲ್ಲಿ ನೆನೆಸಿ, ತೊಳೆದು, ಒಣಗಿಸಿದ ಬಿಳಿ ಅಸ್ಥಿಪಂಜರ. ಅದರ ಮೇಲೆ ಹಸಿರು ಕಂಡರೆ ಹೊರಗೆ ತೆಗೆದು ಮತ್ತೆ ಬ್ಲೀಚಿಗೆ ಹಾಕುವುದೇ ಅಚ್ಚುಕಟ್ಟು. ಅಂಥವರಿಗೆ ಹುಳುಹುಪ್ಪಟೆ ತುಂಬಿದ ಕಲ್ಲನ್ನು ತೊಳೆಯದೆ ತೊಟ್ಟಿಯೊಳಗಿಡಿ ಎಂದರೆ ಹೇಗನ್ನಿಸಿರಬೇಡ! ಇವತ್ತು ಜಗತ್ತಿನ ಬಹುಪಾಲು ಹವಳದ ತೊಟ್ಟಿಗಳು ಎಂಗ್ ಹೇಳಿದ ದಾರಿಯನ್ನೇ ಒಂದಲ್ಲ ಒಂದು ರೀತಿ ಹಿಡಿದಿವೆ. ಆದರೆ ಲೇಖನ ಬಂದ ಮೇಲೆ ಆ ದಾರಿ ಎಲ್ಲರದೂ ಆಗಲು ಸುಮಾರು ಮೂರು ದಶಕ ಹಿಡಿಯಿತು. ಅದಕ್ಕೆ ಜನರ ಹಟವೊಂದೇ ಕಾರಣ ಎಂದು ನನಗನ್ನಿಸುವುದಿಲ್ಲ.

ತೊಟ್ಟಿಯಲ್ಲಿ ಹವಳ ಇಟ್ಟವರಲ್ಲಿ ಎಂಗ್ ಮೊದಲಿಗರೂ ಅಲ್ಲ. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕೀ ತೀರದಲ್ಲಿ ಪುಟ್ಟ ಹವಳಗಳನ್ನು ಕಂಡು ಲಂಡನ್ನಿಗೆ ಒಯ್ಯಬೇಕೆಂದು ಹೊರಟರು. ದಾರಿಯಲ್ಲಿ ಜಾಡಿಯ ಗೋಡೆಗೆ ಬಡಿದು ಒಡೆದುಹೋಗದಿರಲೆಂದು ಅವುಗಳನ್ನು ಸೂಜಿ ದಾರದಿಂದ ಒಂದು ಸ್ಪಂಜಿಗೆ ಹೊಲಿದರು. ಕಷ್ಟ ಶುರುವಾದದ್ದು ಊರು ಮುಟ್ಟಿದ ಮೇಲೆ. ಲಂಡನ್ನಿನಲ್ಲಿ ಕಡಲ ನೀರೆಲ್ಲಿ? ಇದ್ದಷ್ಟು ನೀರನ್ನೇ ಮತ್ತೆ ಮತ್ತೆ ಬಳಸಬೇಕು, ಅದಕ್ಕೆ ಮತ್ತೆ ಗಾಳಿ ಬೆರೆಸಬೇಕು. ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಮುಂದೆ ನಿಂತು, ಕಾಫಿ ಆರಿಸಿದ ಹಾಗೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಎತ್ತಿ ಹೊಯ್ಯುತ್ತಿದ್ದಳು. ಒಂದೊಂದು ಸಲಕ್ಕೂ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಮರುವರ್ಷ ಥಿನ್ ಕಡಲ ಪಾಚಿಯನ್ನೂ ತಂದು ಹಾಕಿದಾಗ ಈ ದುಡಿತ ಹಗುರಾಯಿತು. ಹವಳಗಳು ವರ್ಷಗಟ್ಟಲೆ ಉಳಿದವು, ಮರಿಯೂ ಹಾಕಿದವು. 1859ರಲ್ಲಿ ಥಿನ್ ಇದನ್ನೆಲ್ಲ ಬರೆದು ಪ್ರಕಟಿಸಿದರು. ಉಪ್ಪುನೀರಿನ ತೊಟ್ಟಿಯ ಮೊದಲ ಏರ್ ಪಂಪ್ ಆ ಹುಡುಗಿಯ ಎರಡು ತೋಳುಗಳು ಎಂದು ಯಾರಾದರೂ ಬರೆದರೆ ನಾನು ತಕರಾರು ಮಾಡುವುದಿಲ್ಲ.

ಅಷ್ಟರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ, ಗಿಡ ಮತ್ತು ಪ್ರಾಣಿ ಒಂದೇ ತೊಟ್ಟಿಯಲ್ಲಿ ಪರಸ್ಪರ ಹೇಗೆ ಸಲಹುತ್ತವೆ ಎಂದು 1850ರಲ್ಲೇ ತೋರಿಸಿದ್ದರು. 1853ರಲ್ಲಿ ಲಂಡನ್ ಮೃಗಾಲಯ ತನ್ನ ‘ಫಿಶ್ ಹೌಸ್’ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಇಂಗ್ಲೆಂಡಿಗೆ ಅಕ್ವೇರಿಯಂ ಹುಚ್ಚು ಹಿಡಿಯಿತು. ಬುಟ್ಟಿ, ಉಳಿ, ಸುತ್ತಿಗೆ ಹಿಡಿದ ಜನ ತೀರದ ಬಂಡೆಗಳನ್ನು ಬರಿದು ಮಾಡಿದ್ದನ್ನು ಗಾಸ್ ಅವರ ಮಗ ಎಡ್ಮಂಡ್ ಮುಂದೆ ನೋವಿನಿಂದ ನೆನೆದಿದ್ದಾರೆ. ಮನೆಗೆ ತಂದದ್ದರಲ್ಲಿ ಉಳಿದದ್ದು ಕಡಿಮೆ. ಹುಚ್ಚೂ ಕೆಲವೇ ವರ್ಷಗಳಲ್ಲಿ ಇಳಿಯಿತು.

ಏಕೆ ಸಾಯುತ್ತಿದ್ದವು? ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಕಡಲಿನಲ್ಲಿ ಅದು ಲೆಕ್ಕಕ್ಕೇ ಸಿಗದಷ್ಟು ತೆಳುವಾಗಿಬಿಡುತ್ತದೆ. ತೊಟ್ಟಿಯಲ್ಲಿ ದಿನದಿಂದ ದಿನಕ್ಕೆ ವಿಷವಾಗುತ್ತದೆ. ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ರಷ್ಯಾದ ಸೆರ್ಗೈ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದರು. ಇದು ಮನೆಯ ತೊಟ್ಟಿಯವರ ಕೈಗೆ ಬಂದದ್ದು ಬಹಳ ತಡವಾಗಿ, ಅದೂ ಬ್ಯಾಕ್ಟೀರಿಯಾದ ಹೆಸರು ಹೇಳದೆ. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಫ್ಲಾರಿಡಾದ ರಾಬರ್ಟ್ ಸ್ಟ್ರಾನ್ ಮೊದಲಾದವರು ಬಳಕೆಗೆ ತಂದ ಏರ್ಪಾಡಿನಲ್ಲಿ ತಳದ ಜಲ್ಲಿಯ ಕೆಳಗೆ ತೂತಿನ ತಟ್ಟೆ ಇಟ್ಟು, ನೀರನ್ನು ಜಲ್ಲಿಯ ಮೂಲಕವೇ ಎಳೆಯುತ್ತಿದ್ದರು. ಜಲ್ಲಿಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುತ್ತಿತ್ತು. ಮೀನು ಬದುಕಿತು. ಆದರೆ ಕೊನೆಯಲ್ಲಿ ಉಳಿಯುವ ನೈಟ್ರೇಟ್ ಎಲ್ಲಿಗೂ ಹೋಗದೆ ಏರುತ್ತಲೇ ಇತ್ತು. ಮೀನು ಅದನ್ನು ಸಹಿಸಿಕೊಂಡೀತು, ಹವಳಕ್ಕೆ ಆಗದು.

ಎಂಗ್ ಅವರ ಕಲ್ಲು ಬಗೆಹರಿಸಿದ್ದು ಸರಿಯಾಗಿ ಈ ತೊಡಕನ್ನೇ. ಹವಳದ ದಿಬ್ಬದ ಕಲ್ಲೆಂದರೆ ಹಳೆಯ ಹವಳಗಳ ಸುಣ್ಣದ ಗೂಡು. ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಆಮ್ಲಜನಕ ಧಾರಾಳವಾಗಿರುವ ಹೊರಮೈಯಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಒಳಕ್ಕೆ ಹೋದ ಹಾಗೆ ಆಮ್ಲಜನಕ ಮುಗಿಯುತ್ತದೆ. ಅಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟಿನ ಆಮ್ಲಜನಕವನ್ನೇ ಕಿತ್ತುಕೊಂಡು, ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತದೆ. ಅನಿಲ ಗುಳ್ಳೆಯಾಗಿ ಮೇಲೇರಿ ಗಾಳಿಗೆ ಸೇರುತ್ತದೆ, ಲೆಕ್ಕ ಚುಕ್ತಾ. ಮೇಲಿನ ಪಾಚಿ, ಹುಳು, ಸಣ್ಣ ಸಿಗಡಿಗಳು ಉಳಿದ ಕೂಳನ್ನು ತಿಂದು ಮುಗಿಸುತ್ತವೆ. ಎಂಗ್ ನೋಡಿದ್ದು ಫಲಿತಾಂಶವನ್ನು. ಕಲ್ಲೊಳಗಿನ ಈ ವಿವರಣೆ ತೊಟ್ಟಿ ಸಾಕುವವರ ಮಾತಿನಲ್ಲಿ ಸೇರಿದ್ದು ಆಮೇಲೆ.

ಹಾಗಿದ್ದೂ ಬೇರೆಡೆ ಈ ಪದ್ಧತಿ ಕೈಕೊಟ್ಟದ್ದೇಕೆ? ನನ್ನ ಎಣಿಕೆಯಲ್ಲಿ ಎಂಗ್ ಅವರಿಗೆ ಊರೇ ಅರ್ಧ ಕೆಲಸ ಮಾಡಿಕೊಟ್ಟಿತ್ತು. ಜಕಾರ್ತದ ಮುಂದೆಯೇ ಜಾವಾ ಸಮುದ್ರ. ಹವಳದ ದ್ವೀಪಗಳು ದೋಣಿ ಹೋಗುವಷ್ಟು ಹತ್ತಿರ. ಕಲ್ಲು ನೀರಿನಿಂದ ನೀರಿಗೆ ಬರುತ್ತಿತ್ತು. ಸಮಭಾಜಕದ ಬಿಸಿಲಿಗೆ ಹಣ ಕೊಡಬೇಕಿರಲಿಲ್ಲ. ಅದೇ ಕಲ್ಲು ಒದ್ದೆ ಕಾಗದದಲ್ಲಿ ಸುತ್ತಿಕೊಂಡು ದಿನಗಟ್ಟಲೆ ಪಯಣಿಸಿ ಜರ್ಮನಿ ಮುಟ್ಟುವಷ್ಟರಲ್ಲಿ ಮೇಲಿನ ಸ್ಪಂಜು, ಹುಳುಗಳೆಲ್ಲ ಸತ್ತು ನಾರುತ್ತಿರುತ್ತವೆ. ಹಾಗೆಯೇ ತೊಟ್ಟಿಗೆ ಹಾಕಿದರೆ ಶುದ್ಧಿ ಮಾಡಬೇಕಾದ ಕಲ್ಲೇ ಅಮೋನಿಯಾದ ಗಣಿ. ಚಳಿಗಾಲದಲ್ಲಿ ಕಿಟಕಿಗೆ ಬರುವ ಬಿಸಿಲು ಎಷ್ಟು ಮಹಾ!

ಬೆಳಕಿನ ಮಾತು ಬಂದದ್ದರಿಂದ ಇನ್ನೊಂದು ಜಗಳವನ್ನೂ ಹೇಳಬೇಕು. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಒಂದೇ ಕೋಶದ ಪಾಚಿಗಳು ತುಂಬಿರುತ್ತವೆ ಎಂಬುದು ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಿತ್ತು. ಅವು ಅಲ್ಲೇನು ಮಾಡುತ್ತವೆ? 1928-29ರ ಗ್ರೇಟ್ ಬ್ಯಾರಿಯರ್ ರೀಫ್ ಯಾತ್ರೆಯ ನಾಯಕ ಸಿ. ಎಂ. ಯಾಂಗ್ ಹವಳಗಳನ್ನು ಅಪ್ಪಟ ಮಾಂಸಾಹಾರಿಗಳೆಂದೇ ಕಂಡರು. ಪಾಚಿಯಿಂದ ಹವಳಕ್ಕೆ ಊಟ ಸಿಗುತ್ತದೆ ಎಂದು ಅವರು ಒಪ್ಪಲಿಲ್ಲ. 1969ರಲ್ಲಿ ಲೆನರ್ಡ್ ಮಸ್ಕಟೀನ್ ಮತ್ತು ಎಲ್ಸಾ ಸೆರ್ನಿಕಿಯಾರಿ ವಿಕಿರಣಶೀಲ ಇಂಗಾಲವನ್ನು ಬೆನ್ನುಹತ್ತಿ, ಪಾಚಿ ಬೆಳಕಿನಿಂದ ತಯಾರಿಸಿದ ಆಹಾರ ಹವಳದ ಮೈ ಸೇರುವುದನ್ನು ತೋರಿಸಿದರು. ಬೆಳಕಿನಲ್ಲಿ ಹವಳ ತನ್ನ ಸುಣ್ಣದ ಗೂಡನ್ನು ಕತ್ತಲಿಗಿಂತ ಹಲವು ಪಟ್ಟು ಬೇಗ ಕಟ್ಟುತ್ತದೆ ಎಂಬುದನ್ನು ಜಮೈಕಾದಲ್ಲಿ ಥಾಮಸ್ ಗೊರೋ ಅದಕ್ಕೂ ಮೊದಲೇ ಅಳೆದಿದ್ದರು. ಆನಾ ಥಿನ್ ಅವರ ಹವಳಕ್ಕೆ ಈ ಪಾಚಿಯ ಹಂಗಿರಲಿಲ್ಲ. ಅದು ತಣ್ಣೀರಿನ, ಬೇಟೆಯಾಡಿ ತಿನ್ನುವ ಜಾತಿ. ಹಾಗಾಗಿ ಲಂಡನ್ನಿನ ಮಂದ ಬೆಳಕಿನಲ್ಲೂ ಅದು ನಡೆಯಿತು.

ಬಿಸಿಲೂ ಇಲ್ಲದ, ಕಡಲೂ ಇಲ್ಲದ ಊರಿಗೆ ಜಕಾರ್ತವನ್ನು ತಂದವರು ಬರ್ಲಿನ್ನಿನ ಹವ್ಯಾಸಿಗಳು. ಪೀಟರ್ ವಿಲ್ಕೆನ್ಸ್ ಬೆನ್ನೆಲುಬಿಲ್ಲದ ಕಡಲ ಜೀವಿಗಳ ಸಾಕಣೆಯ ಬಗ್ಗೆ 1973ರಲ್ಲೇ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದಿದ್ದರು. ಬರ್ಲಿನ್ನಿನ ಡೀಟ್ರಿಚ್ ಸ್ಟ್ಯೂಬರ್ ಮತ್ತು ಗೆಳೆಯರು ಎಂಗ್ ಅವರ ಕಲ್ಲನ್ನು ಉಳಿಸಿಕೊಂಡು ಅದಕ್ಕೆ ಮೂರು ಆಸರೆ ಕೊಟ್ಟರು. ಬಿಸಿಲಿಗೆ ಪ್ರತಿಯಾಗಿ ಪ್ರಖರವಾದ ಮೆಟಲ್ ಹ್ಯಾಲೈಡ್ ದೀಪ. ಕೊಳೆ ತೆಗೆಯಲು ಪ್ರೋಟೀನ್ ಸ್ಕಿಮ್ಮರ್. ಗೂಡು ಕಟ್ಟಲು ಸುಣ್ಣದ ತಿಳಿ.

ಸ್ಕಿಮ್ಮರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನೆಟ್ಟಗೆ ನಿಲ್ಲಿಸಿದ ಕೊಳವೆ. ಒಳಗೆ ನೀರು ಹಾಲಿನಷ್ಟು ಬೆಳ್ಳಗೆ ಕಾಣುವಷ್ಟು ಸಣ್ಣ ಗುಳ್ಳೆಗಳು. ಮೀನಿನ ಲೋಳೆ, ಕೂಳಿನ ಎಣ್ಣೆ, ಪ್ರೋಟೀನ್ ಇವೆಲ್ಲ ಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ನೊರೆ ಕತ್ತಿನವರೆಗೆ ಏರಿ ಮೇಲಿನ ಬಟ್ಟಲಿಗೆ ಮಗುಚಿಕೊಳ್ಳುತ್ತದೆ. ಎರಡು ಮೂರು ದಿನ ಬಿಟ್ಟು ಬಟ್ಟಲು ತೆಗೆದರೆ ಕಡುಕಂದು ಬಣ್ಣದ ಗೊಜ್ಜು, ಮೂಗು ಮುಚ್ಚಿಕೊಳ್ಳುವ ನಾತ. ಇದು ಕೊಳೆತು ಅಮೋನಿಯಾ ಆಗುವ ಮೊದಲೇ ನೀರಿನಿಂದ ಹೊರಬಿತ್ತಲ್ಲ ಎಂದು ನೆನೆದರೆ ನಾತವನ್ನೂ ಸಹಿಸಬಹುದು.

ಸುಣ್ಣದ ತಿಳಿಯನ್ನು ಕನ್ನಡದವರಿಗೆ ಪರಿಚಯಿಸಬೇಕಿಲ್ಲ. ಅರಳಿದ ಸುಣ್ಣವನ್ನು ನೀರಿಗೆ ಹಾಕಿ ಕಲಕಿ ಬಿಟ್ಟರೆ ಲೀಟರಿಗೆ ಒಂದೂವರೆ ಗ್ರಾಮಿನಷ್ಟು ಕರಗಿ, ಉಳಿದದ್ದು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು. ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ತೊಟ್ಟಿಗೆ ಇದನ್ನು ಹನಿಹನಿಯಾಗಿ ಬಿಡುವುದು ಹೆಚ್ಚಾಗಿ ರಾತ್ರಿ. ಕತ್ತಲಾದ ಮೇಲೆ ಪಾಚಿಗಳ ದ್ಯುತಿಸಂಶ್ಲೇಷಣೆ ನಿಂತು ನೀರಿನ ಪಿಎಚ್ ಇಳಿಯುತ್ತದೆ; ತಿಳಿ ಅದನ್ನು ಎತ್ತಿ ಹಿಡಿಯುತ್ತದೆ, ಕ್ಯಾಲ್ಸಿಯಂ ಕೂಡ ಕೊಡುತ್ತದೆ. ಆತುರಪಟ್ಟು ಒಮ್ಮೆಲೇ ಸುರಿದರೆ ಆ ಕ್ಷಾರಕ್ಕೆ ತೊಟ್ಟಿಯೇ ಸತ್ತೀತು. ನಮ್ಮ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬವನ್ನೇ ಅಗೆದು ಸುಣ್ಣಕ್ಕೆ ಸಾಗಿಸಿದ ಕಾಲವೊಂದಿತ್ತು. ಬರ್ಲಿನ್ನಿನವರದು ಅದರ ತಿರುಗುಮುರುಗು ದಾರಿ, ಸುಣ್ಣ ಕೊಟ್ಟು ಹವಳ ಬೆಳೆಸುವುದು.

ಸ್ಟ್ಯೂಬರ್ ತೊಟ್ಟಿಯಲ್ಲಿ ಕವಲೊಡೆದು ಬೆಳೆದ ಅಕ್ರೊಪೊರಾ ಹವಳವೊಂದು ತುಂಡು ತುಂಡಾಗಿ ಗೆಳೆಯರ ಮನೆ ಸೇರಿ, ಯುರೋಪು ದಾಟಿ ಅಮೆರಿಕಕ್ಕೂ ಹೋಯಿತು. ಅದಕ್ಕೆ ಅವರ ಹೆಸರೇ ನಿಂತಿತು. ಅಮೆರಿಕದಲ್ಲಿ 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆ ಹವಳದ ತೊಟ್ಟಿಯ ಆಸೆ ಹಚ್ಚಿತು. ಆದರೆ ಅವರು ಹೇಳಿದ ಫಿಲ್ಟರ್ ಮತ್ತೆ ನೈಟ್ರೇಟ್ ಕೂಡಿಸುವ ಯಂತ್ರವೇ. 1994ರಲ್ಲಿ ಡೆಲ್ಬೀಕ್ ಮತ್ತು ಸ್ಪ್ರಂಗ್ ಬರೆದ ‘ದಿ ರೀಫ್ ಅಕ್ವೇರಿಯಂ’ ಬಂದ ಮೇಲೆ ಅಲ್ಲಿನವರು ಒಬ್ಬೊಬ್ಬರಾಗಿ ಆ ಫಿಲ್ಟರ್ ತೆಗೆದು ಕಲ್ಲು ಇಟ್ಟರು.

ಬೆಳೆಸುವುದು ಬಂತು, ಮೊಟ್ಟೆಯಿಡಿಸುವುದು? ದಿಬ್ಬದ ಹವಳಗಳು ವರ್ಷದ ಕೆಲವೇ ರಾತ್ರಿ, ನೀರಿನ ಬಿಸಿ ಮತ್ತು ಚಂದ್ರನ ಲೆಕ್ಕ ಹಿಡಿದು, ಒಟ್ಟಿಗೆ ಮೊಟ್ಟೆ ಬಿಡುತ್ತವೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ಸಂಗಡಿಗರು ದಿಬ್ಬದ ಊರಿನ ಋತು, ಹಗಲಿನ ಉದ್ದ, ಬೆಳುದಿಂಗಳು ಎಲ್ಲವನ್ನೂ ಯಂತ್ರದಿಂದ ತೊಟ್ಟಿಯಲ್ಲಿ ಸೃಷ್ಟಿಸಿ, ಹವಳಗಳನ್ನು ನಂಬಿಸಿದರು. ವಿಧಾನವನ್ನು 2017ರಲ್ಲಿ ಪ್ರಕಟಿಸಿದರು. ಅದೇ ವಿಧಾನದಿಂದ 2019ರ ಆಗಸ್ಟಿನಲ್ಲಿ ಫ್ಲಾರಿಡಾ ಅಕ್ವೇರಿಯಂನಲ್ಲಿ, ಕಡಲಿನಲ್ಲಿ ಅಳಿವಿನ ಅಂಚಿಗೆ ಬಂದಿರುವ ಪಿಲ್ಲರ್ ಕೋರಲ್ ಮೊಟ್ಟೆಯಿಟ್ಟಿತು.

ನಮ್ಮಲ್ಲಿ ಎಂಗ್ ಅವರನ್ನು ಅಕ್ಷರಶಃ ಅನುಸರಿಸುವ ಹಾಗಿಲ್ಲ, ಹಾಗಿಲ್ಲದಿರುವುದೇ ಸರಿ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗಿ ಹವಳ ನೋಡಬಹುದು. ಎತ್ತಿ ತಂದರೆ ಹುಲಿಯ ವಿಷಯದಲ್ಲಿ ಬೀಳುವ ಕಾನೂನೇ ಬೀಳುತ್ತದೆ. ಹೊರದೇಶದ ಗಟ್ಟಿ ಹವಳಗಳೂ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಕಾಗದಪತ್ರ ಕೇಳದೆ ಕೊಳ್ಳಬಾರದು. ಹಾಗಾಗಿ ಬೆಂಗಳೂರಿನಂಥ ಊರಿನಲ್ಲಿ ತೊಟ್ಟಿ ಇಡುವವರು ಶುರು ಮಾಡುವುದು ಒಣ ಕಲ್ಲಿನಿಂದ. ಬೋರ್‌ವೆಲ್ ನೀರಿನ ಗಡಸು, ನಲ್ಲಿ ನೀರಿನ ಕ್ಲೋರಿನ್ ಎರಡೂ ಆಗದು. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಕೃತಕ ಕಡಲುಪ್ಪು ಬೆರೆಸುತ್ತಾರೆ. ಆವಿಯಾಗಿ ಇಳಿದಷ್ಟಕ್ಕೆ ಮತ್ತೆ ತುಂಬುವುದು ಸಿಹಿನೀರನ್ನು, ಉಪ್ಪು ಆವಿಯಾಗುವುದಿಲ್ಲವಲ್ಲ. ಬಿಸಿ 25-26 ಡಿಗ್ರಿ. ಏಪ್ರಿಲ್ ಬಂದರೆ ಚಿಲ್ಲರ್ ಓಡಲೇಬೇಕು, ಕರೆಂಟ್ ಹೋದರೆ ಎದೆ ಡವಗುಟ್ಟುತ್ತದೆ.

ಒಣ ಕಲ್ಲಿಗೆ ಬಾಟಲಿಯ ಬ್ಯಾಕ್ಟೀರಿಯಾ ಸುರಿದು, ಚಿಟಿಕೆ ಅಮೋನಿಯಾ ಉಣಿಸಿ, ಅದು ಮಾಗಲು ಕಾಯಬೇಕು. ಟೆಸ್ಟ್ ಕಿಟ್ಟಿನ ಸಣ್ಣ ಶೀಷೆಯಲ್ಲಿ ಅಮೋನಿಯಾದ ಹಸಿರು ಮೊದಲು ಗಾಢವಾಗಿ, ಆಮೇಲೆ ತಿಳಿಯಾಗಿ, ನಂತರ ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಗೆ ಬರುವಷ್ಟರಲ್ಲಿ ವಾರಗಳೇ ಉರುಳುತ್ತವೆ. ಅಷ್ಟೂ ದಿನ ಪಂಪು ಗುಂಯ್‌ಗುಡುತ್ತದೆ, ದೀಪ ಉರಿಯುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಮನೆಗೆ ಬಂದ ನೆಂಟರು ಬಗ್ಗಿ ನೋಡಿ, ಇಷ್ಟು ದುಡ್ಡು ಸುರಿದು ಬರೀ ಕಲ್ಲಿಗೆ ನೀರು ಕುಡಿಸುತ್ತಿದ್ದೀರಲ್ಲ, ಮೀನೆಲ್ಲಿ ಎಂದು ಕೇಳಿಯೇ ಕೇಳುತ್ತಾರೆ.