ಹವ್ಯಾಸಿಯೂ ವಿದ್ಯುದ್ರಸಾಯನದ ಸಲಕರಣೆಗಳೂ



ವಿದ್ಯುದ್ರಸಾಯನವೆಂದೊಡನೆ ದೊಡ್ಡ ಪ್ರಯೋಗಶಾಲೆ, ಬೆಲೆಬಾಳುವ ಯಂತ್ರ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಮೈಕಲ್ ಫ್ಯಾರಡೆಯು ಇನ್ನೂ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದಾಗಲೇ, 1812ನೆಯ ಇಸವಿಯಲ್ಲಿ, ಏಳು ಅರ್ಧಪೆನ್ನಿ ನಾಣ್ಯಗಳನ್ನೂ ಏಳು ಸತುವಿನ ಬಿಲ್ಲೆಗಳನ್ನೂ ಉಪ್ಪುನೀರಿನಲ್ಲಿ ನೆನೆದ ಆರು ಕಾಗದದ ತುಂಡುಗಳನ್ನೂ ಒಂದರ ಮೇಲೊಂದು ಪೇರಿಸಿ, ಅದರಿಂದ ಹುಟ್ಟಿದ ವಿದ್ಯುತ್ತಿನಿಂದ ಮೆಗ್ನೀಸಿಯಂ ಸಲ್ಫೇಟನ್ನು ವಿಭಜಿಸಿದನು. 1886ರಲ್ಲಿ ಅಮೆರಿಕದ ಓಬರ್ಲಿನ್ ಊರಿನ ಚಾರ್ಲ್ಸ್ ಮಾರ್ಟಿನ್ ಹಾಲನು ಮನೆಯ ಸೌದೆಕೊಟ್ಟಿಗೆಯಲ್ಲಿ ಅಲ್ಯೂಮಿನಿಯಂ ಲೋಹವನ್ನು ಬೇರ್ಪಡಿಸಿದಾಗ, ಅವನ ಬ್ಯಾಟರಿಗಳಲ್ಲಿ ಕೆಲವು ತಾನೇ ಮಾಡಿದವು. ಕೆಲವು ಗುರುಗಳಾದ ಜ್ಯೂವೆಟ್ಟರಿಂದ ಎರವಲು ತಂದವು.

ಪ್ರವಾಹವನ್ನು ಹರಿಸುವುದು ಹೀಗೆ ಸುಲಭ, ಅಳೆಯುವುದೇ ಕಷ್ಟ. ದ್ರಾವಣದಲ್ಲಿ ಎರಡು ಲೋಹಗಳನ್ನಿಟ್ಟು ಅಳೆದರೆ ಸಿಕ್ಕುವುದು ಅವೆರಡರ ವಿಭವಗಳ ವ್ಯತ್ಯಾಸ ಮಾತ್ರ. ಯಾವುದರ ಪಾಲೆಷ್ಟೆಂಬುದು ತಿಳಿಯದು. ಆದುದರಿಂದ ತನ್ನ ವಿಭವವನ್ನು ಬದಲಿಸದ ಇನ್ನೊಂದು ವಿದ್ಯುದಗ್ರವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು. ಅದರ ಮೂಲಕ ಗಣನೀಯವಾದ ಪ್ರವಾಹ ಹರಿಯಕೂಡದು. ಹರಿದರೆ ಬಟ್ಟೆಯನ್ನು ಅಳೆಯುವ ಗಜಕಡ್ಡಿಯೇ ಹಿಗ್ಗಿ ಕುಗ್ಗಿದಂತಾಗುತ್ತದೆ. ಈ ಆಧಾರಕ್ಕೆ ಹೋಲಿಸುತ್ತ, ಪರೀಕ್ಷಿಸತಕ್ಕ ಲೋಹವನ್ನು ಬೇಕಾದ ವಿಭವದಲ್ಲಿ ತಾನಾಗಿಯೇ ಹಿಡಿದು ನಿಲ್ಲಿಸುವ ಉಪಕರಣಕ್ಕೆ ಪೊಟೆನ್ಷಿಯೋಸ್ಟಾಟ್ ಎಂದು ಹೆಸರು. ಇಂಗ್ಲೆಂಡಿನ ಹಿಕ್ಲಿಂಗ್ ಎಂಬವರು 1942ರಲ್ಲಿ ಇದನ್ನು ವರ್ಣಿಸಿದರು. ಪ್ರಯೋಗಶಾಲೆಗಳ ಉತ್ತಮ ಪೊಟೆನ್ಷಿಯೋಸ್ಟಾಟಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು.

ಆದರೆ ಅದು ಎಲ್ಲ ಪ್ರಶ್ನೆಗಳಿಗೂ ಬೇಕೆ? ತೋಟದಲ್ಲಿ ಹೂತ ಕಬ್ಬಿಣದ ಕೊಳವೆಯನ್ನೇ ತೆಗೆದುಕೊಳ್ಳೋಣ. ಒಂದು ಗಾಜಿನ ನಳಿಗೆಯ ತಳಕ್ಕೆ ಸಚ್ಛಿದ್ರವಾದ ಮರದ ಬಿರಡೆಯನ್ನು ಹಾಕಿ, ಮೈಲುತುತ್ತವನ್ನು ಕರಗದೆ ಕೆಲವು ಹರಳು ಉಳಿಯುವವರೆಗೆ ಬೆರೆಸಿದ ನೀರನ್ನು ತುಂಬಿ, ಉಜ್ಜಿ ಶುಚಿಮಾಡಿದ ತಾಮ್ರದ ತಂತಿಯನ್ನು ಇಳಿಬಿಟ್ಟರೆ ಆಧಾರ ವಿದ್ಯುದಗ್ರ ಸಿದ್ಧವಾಯಿತು. ಇಂತಹವು ಎರಡನ್ನು ಮಾಡಿ ಒಂದೇ ಪಾತ್ರೆಯ ಉಪ್ಪುನೀರಿನಲ್ಲಿಟ್ಟು ಹೋಲಿಸಬೇಕು. ವ್ಯತ್ಯಾಸ ಕೆಲವೇ ಮಿಲಿವೋಲ್ಟುಗಳಿದ್ದರೆ ಎರಡನ್ನೂ ನಂಬಬಹುದು. ಬಳಿಕ ಒಂದನ್ನು ಒದ್ದೆ ನೆಲದ ಮೇಲೆ ಊರಿ, 10 ಮೆಗಓಮ್ ರೋಧವುಳ್ಳ ಸಾಧಾರಣ ಮಲ್ಟಿಮೀಟರಿನ ಧನ ತುದಿಯನ್ನು ಕೊಳವೆಗೂ ಋಣ ತುದಿಯನ್ನು ತಾಮ್ರಕ್ಕೂ ಜೋಡಿಸಬೇಕು. ರಕ್ಷಣೆಯಿಲ್ಲದ ಕಬ್ಬಿಣವು ಮಣ್ಣಿನಲ್ಲಿ ಸಾಮಾನ್ಯವಾಗಿ ಋಣ 0.5ರಿಂದ ಋಣ 0.8 ವೋಲ್ಟಿನವರೆಗೆ ತೋರಿಸುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಕೊಟ್ಟು ರಕ್ಷಿಸಿದ ಕೊಳವೆಯಲ್ಲಿ ಋಣ 0.85 ವೋಲ್ಟು ಅಥವಾ ಅದಕ್ಕೂ ಕೆಳಗಿರಬೇಕೆಂಬುದು ಇಂಜಿನಿಯರರ ವಾಡಿಕೆಯ ನಿಯಮ.

ತುಕ್ಕಿನ ವೇಗವನ್ನು ಮಾತ್ರ ಈ ಅಂಕಿಯೊಂದರಿಂದ ಹೇಳಲಾಗದು. ಅದಕ್ಕೆ ವಿಭವವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಪ್ರವಾಹವನ್ನು ಅಳೆಯಬೇಕು. ಪೊಟೆನ್ಷಿಯೋಸ್ಟಾಟಿನ ನಿಜವಾದ ಅಗತ್ಯ ಇಲ್ಲಿಂದ ಮುಂದೆ. 2011ರಲ್ಲಿ ಕ್ಯಾಲಿಫೋರ್ನಿಯದ ಸಾಂಟ ಬಾರ್ಬರ ವಿಶ್ವವಿದ್ಯಾಲಯದವರು ‘ಚೀಪ್‌ಸ್ಟಾಟ್’ ಎಂಬ ಪೊಟೆನ್ಷಿಯೋಸ್ಟಾಟಿನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟರು. ಅದರ ಬಿಡಿಭಾಗಗಳ ಬೆಲೆ 80 ಡಾಲರಿಗೂ ಕಡಮೆಯಿತ್ತು. ಬೆಸುಗೆಯ ಕೆಲಸ ಬಲ್ಲವರಿಗೆ ಇದೊಂದು ದಾರಿ. ಬಲು ಸಣ್ಣ ಪ್ರವಾಹಗಳಿಗಾಗಿ ರಚಿತವಾದುದರಿಂದ ದೊಡ್ಡ ಲೋಹದ ತುಂಡಿಗೆ ಅದು ಒದಗದು.

ಇನ್ನೊಂದು ದಾರಿ, ಹತ್ತಿರದ ಕಾಲೇಜು. “ಯಂತ್ರವನ್ನು ನೋಡಬೇಕು” ಎಂದು ಬಂದವರನ್ನು ಅಧ್ಯಾಪಕರು ನಯವಾಗಿ ಸಾಗಹಾಕುವುದುಂಟು. ಅಳೆದ ಅಂಕಿಗಳ ಪಟ್ಟಿಯನ್ನೂ ಸೀಸೆಯಲ್ಲಿ ತೋಟದ ನೀರನ್ನೂ ತಂದು, ಇಂತಹ ಒಂದು ಸಂದೇಹವಿದೆ ಎಂದವರಿಗೆ ಕುರ್ಚಿ ಕೊಡದಿರುವುದು ನಮ್ಮ ಕಸುಬಿನವರಿಗೆ ಬಹಳ ಕಷ್ಟ.

ಮೈಲುತುತ್ತವು ವಿಷ, ಅಡಿಗೆಯ ಪಾತ್ರೆಗಳಿಂದಲೂ ಮಕ್ಕಳಿಂದಲೂ ದೂರವಿರಲಿ. ಉಳಿದ ದ್ರಾವಣವನ್ನು ಮುಚ್ಚಳ ಬಿಗಿದು ಮುಂದಿನ ಅಳತೆಗೆ ಇಟ್ಟುಕೊಳ್ಳಬಹುದು. ಬಚ್ಚಲಿಗಾಗಲಿ ಕೆರೆಗಾಗಲಿ ಚೆಲ್ಲಬಾರದು.